ಕೆಟಿಎಲ್‌ಎ ಸುದ್ದಿ ವಿಭಾಗದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಸ್ ಏಂಜಲೀಸ್ ನಗರದಲ್ಲಿ ಐದನೇ ಸಂಖ್ಯೆಯ ಚಾನೆಲ್‌ನಲ್ಲಿ ಬರುವ ದೂರದರ್ಶನ ಕೇಂದ್ರ ಕೆಟಿಎಲ್‌ಎ ಅಮೆರಿಕದ ದೊಡ್ಡ ಪ್ರಸಾರ ಜಾಲಗಳಾದ ಎನ್‌ಬಿಸಿ, ಸಿಬಿಎಸ್, ಎಬಿಸಿಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಆದರೂ ದೂರದರ್ಶನದ ನೇರ ಪ್ರಸಾರದ ಚರಿತ್ರೆ ಬರೆಯುವವರು ಈ ಸ್ಥಳೀಯ ಕೇಂದ್ರವನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಸುದ್ದಿವಾಹಿನಿಗಳಲ್ಲಿ ದುಡಿಯುವವರೂ ಈ ಕೇಂದ್ರದ ಸುದ್ದಿ ವಿಭಾಗದ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಉತ್ತರಗಳ ಉದ್ದಕ್ಕೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಈ ಸುದ್ದಿಮನೆಯ ತಳಪಾಯ ಹಾಕಿದವರು ಪತ್ರಕರ್ತರಲ್ಲ, ಎಂಜಿನಿಯರುಗಳು. ಅದರ ಬಲವೂ ದೌರ್ಬಲ್ಯವೂ ಅಲ್ಲಿಂದಲೇ ಹುಟ್ಟಿವೆ.

ಕೇಂದ್ರ ಆರಂಭವಾದದ್ದು ಯಾವಾಗ, ಆರಂಭಿಸಿದವರು ಯಾರು?

ಪ್ಯಾರಾಮೌಂಟ್ ಪಿಕ್ಚರ್ಸ್ ಎಂಬ ಚಲನಚಿತ್ರ ಸಂಸ್ಥೆ 1940ರ ದಶಕದ ಆರಂಭದಲ್ಲಿ ಹಾಲಿವುಡ್‌ನಲ್ಲಿ ಡಬ್ಲ್ಯೂ6ಎಕ್ಸ್‌ವೈಝಡ್ ಎಂಬ ಪ್ರಾಯೋಗಿಕ ಕೇಂದ್ರವನ್ನು ನಡೆಸುತ್ತಿತ್ತು. ಅದೇ ಕೇಂದ್ರ 1947ರ ಜನವರಿ 22ರಂದು ಕೆಟಿಎಲ್‌ಎ ಎಂಬ ಹೆಸರಿನಲ್ಲಿ ವಾಣಿಜ್ಯ ಪ್ರಸಾರ ಆರಂಭಿಸಿ, ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಇಂಥ ಪರವಾನಗಿ ಪಡೆದ ಮೊದಲ ದೂರದರ್ಶನ ಕೇಂದ್ರವೆನಿಸಿತು. ಉದ್ಘಾಟನಾ ಕಾರ್ಯಕ್ರಮವನ್ನು ನಡೆಸಿಕೊಟ್ಟವರು ಹಾಸ್ಯನಟ ಬಾಬ್ ಹೋಪ್. ಆಗ ಇಡೀ ನಗರದಲ್ಲಿ ಇದ್ದ ಟೆಲಿವಿಷನ್ ಸೆಟ್ಟುಗಳು ಸುಮಾರು 350 ಎಂದು ಹೇಳಲಾಗುತ್ತದೆ.

ಕೇಂದ್ರದ ನಿಜವಾದ ಶಿಲ್ಪಿ ಕ್ಲೌಸ್ ಲ್ಯಾಂಡ್ಸ್‌ಬರ್ಗ್. ಬರ್ಲಿನ್‌ನಲ್ಲಿ ಹುಟ್ಟಿದ ಈ ಎಂಜಿನಿಯರು 1936ರ ಬರ್ಲಿನ್ ಒಲಿಂಪಿಕ್ಸ್‌ನ ದೂರದರ್ಶನ ಪ್ರಸಾರದಲ್ಲಿ ಕೆಲಸ ಮಾಡಿದ್ದರು. ನಾಜಿ ಆಡಳಿತದ ಜರ್ಮನಿಯನ್ನು ಬಿಟ್ಟು 1938ರಲ್ಲಿ ಅಮೆರಿಕ ಸೇರಿದ ಅವರು, ಅಲ್ಲಿನ ಒಂದೆರಡು ಪ್ರಯೋಗಶಾಲೆಗಳಲ್ಲಿ ದುಡಿದು 1941ರಲ್ಲಿ ಲಾಸ್ ಏಂಜಲೀಸಿಗೆ ಬಂದರು. ಕೇಂದ್ರದ ವ್ಯವಸ್ಥಾಪಕರು, ಮುಖ್ಯ ಎಂಜಿನಿಯರು ಮತ್ತು ಎಷ್ಟೋ ಸಲ ನಿರ್ದೇಶಕರೂ ಅವರೇ ಆಗಿದ್ದರು. ಕ್ಯಾಮೆರಾವನ್ನು ಸ್ಟುಡಿಯೋದಿಂದ ಹೊರಗೆ ಒಯ್ಯದಿದ್ದರೆ ಟೆಲಿವಿಷನ್‌ಗೆ ಚಲನಚಿತ್ರದ ಮುಂದೆ ನಿಲ್ಲುವ ಶಕ್ತಿ ಬಾರದು ಎಂಬುದು ಅವರ ನಿಲುವಾಗಿತ್ತು. ಮಾಲೀಕರೇ ಚಲನಚಿತ್ರ ಸಂಸ್ಥೆಯವರಾಗಿದ್ದಾಗ ಹೀಗೆ ಯೋಚಿಸಿ ಗೆದ್ದದ್ದು ಸ್ವಲ್ಪ ತಮಾಷೆಯ ಸಂಗತಿಯೂ ಹೌದು.

ಆರಂಭದಲ್ಲಿ ಸುದ್ದಿ ವಿಭಾಗ ಎಂಬುದು ಪ್ರತ್ಯೇಕವಾಗಿ ಇತ್ತೇ?

ಇಂದಿನ ಅರ್ಥದಲ್ಲಿ ಇರಲಿಲ್ಲ. ಬೆಳಗಿನ ಸಭೆ, ಪ್ರತಿ ವರದಿಗಾರರಿಗೆ ಹಂಚಿಕೊಟ್ಟ ಕ್ಷೇತ್ರ ಎಂಬ ಬೀಟ್, ಸುದ್ದಿ ತಿದ್ದುವ ಡೆಸ್ಕ್, ಗಂಟೆಗೊಂದು ಬುಲೆಟಿನ್ ಯಾವುದೂ ಇಲ್ಲದ ಕಾಲವದು. ಕುಸ್ತಿ ಪಂದ್ಯದ ವೀಕ್ಷಕ ವಿವರಣೆ ಕೊಡುತ್ತಿದ್ದವರೇ ಮರುದಿನ ಬೆಂಕಿ ಬಿದ್ದ ಜಾಗದಲ್ಲಿ ಮೈಕ್ ಹಿಡಿಯುತ್ತಿದ್ದರು. ಕೇಂದ್ರ ಆರಂಭವಾಗಿ ಒಂದು ತಿಂಗಳೂ ತುಂಬಿರಲಿಲ್ಲ, 1947ರ ಫೆಬ್ರವರಿ 20ರಂದು ನಗರದ ಪಿಕೋ ಬುಲವಾರ್ಡ್ ರಸ್ತೆಯಲ್ಲಿದ್ದ ಲೋಹಲೇಪನ ಕಾರ್ಖಾನೆಯೊಂದು ಸ್ಫೋಟಗೊಂಡು 17 ಜನ ಸತ್ತರು. ಲ್ಯಾಂಡ್ಸ್‌ಬರ್ಗ್ ತಮ್ಮ ತಂಡವನ್ನು ಕ್ಯಾಮೆರಾ ಸಮೇತ ಅಲ್ಲಿಗೆ ಕಳಿಸಿದರು. ನಟ ಹಾಗೂ ಕುಸ್ತಿಯ ನಿರೂಪಕ ಡಿಕ್ ಲೇನ್ ಸ್ಥಳದಿಂದ ವಿವರಣೆ ಕೊಟ್ಟರು. ನೋಡಿದವರು ಬೆರಳೆಣಿಕೆಯ ಜನ, ನಿಜ. ಆದರೆ ಘಟನೆ ನಡೆದ ಜಾಗಕ್ಕೆ ಮೊದಲು ಕ್ಯಾಮೆರಾ ತಲುಪಬೇಕು, ಬರವಣಿಗೆ ಆಮೇಲೆ ಎಂಬ ಕ್ರಮ ಅಂದಿನಿಂದಲೇ ರೂಢಿಗೆ ಬಂತು.

1949ರ ಬಾವಿ ದುರಂತದ ಪ್ರಸಾರಕ್ಕೆ ಅಷ್ಟು ಮಹತ್ವ ಏಕೆ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. 1949ರ ಏಪ್ರಿಲ್ 8ರ ಶುಕ್ರವಾರ ಸಂಜೆ, ಲಾಸ್ ಏಂಜಲೀಸಿಗೆ ಸಮೀಪದ ಸ್ಯಾನ್ ಮರೀನೋ ಎಂಬ ಊರಿನ ಬಯಲಿನಲ್ಲಿ ಆಡುತ್ತಿದ್ದ ಮೂರು ವರ್ಷದ ಹೆಣ್ಣುಮಗು, ಬಳಕೆ ತಪ್ಪಿದ ನೀರಿನ ಬಾವಿಯ ಕೊಳವೆಯೊಳಗೆ ಬಿದ್ದಿತು. ಕೊಳವೆಯ ಅಗಲ ಹದಿನಾಲ್ಕು ಅಂಗುಲ. ಪಕ್ಕದಲ್ಲಿ ಸಮಾನಾಂತರವಾಗಿ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಸುರಂಗ ಕೊರೆದು ಮಗುವನ್ನು ತಲುಪುವ ಕೆಲಸಕ್ಕೆ ಗಣಿ ಕಾರ್ಮಿಕರೂ ಗುತ್ತಿಗೆದಾರರೂ ತಾವಾಗಿಯೇ ಬಂದು ನಿಂತರು. ಕೆಟಿಎಲ್‌ಎ ಶನಿವಾರ ತನ್ನ ಸಲಕರಣೆಗಳನ್ನು ಅಲ್ಲಿಗೆ ಸಾಗಿಸಿ, ಸುಮಾರು 27 ಗಂಟೆಗಳ ಕಾಲ ಎಡೆಬಿಡದೆ ನೇರ ಪ್ರಸಾರ ಮಾಡಿತು. ಮೈಕ್ ಹಿಡಿದವರು ಬಿಲ್ ವೆಲ್ಷ್ ಮತ್ತು ಕೇಂದ್ರಕ್ಕೆ ಸೇರಿ ಒಂದೂವರೆ ವರ್ಷವೂ ಆಗಿರದ ಯುವಕ ಸ್ಟ್ಯಾನ್ ಚೇಂಬರ್ಸ್. ನಗರದ ಇನ್ನೊಂದು ಕೇಂದ್ರವಾದ ಕೆಟಿಟಿವಿ ಕೂಡ ಅಲ್ಲಿಗೆ ಕ್ಯಾಮೆರಾ ತಂದಿತ್ತು.

ಆ ಇಬ್ಬರ ಮುಂದೆ ಬರೆದ ಹಾಳೆ ಇರಲಿಲ್ಲ, ಕಿವಿಗೆ ಹೇಳಿಕೊಡುವ ಸಂಪಾದಕರೂ ಇರಲಿಲ್ಲ. ಮಣ್ಣು ಮೇಲೆ ಬರುತ್ತಿರುವುದು, ದಣಿದವರು ಏಣಿ ಹತ್ತಿ ಬಂದು ಹೊಸಬರು ಇಳಿಯುವುದು, ಎಲ್ಲರೂ ಸುಮ್ಮನೆ ಕಾಯುವುದು, ಇಷ್ಟೇ ತೆರೆಯ ಮೇಲೆ ಗಂಟೆಗಟ್ಟಲೆ ಕಾಣುತ್ತಿತ್ತು. ಟೆಲಿವಿಷನ್ ಇದ್ದವರ ಮನೆಗೆ ನೆರೆಹೊರೆಯವರು ಬಂದು ಕುಳಿತರು. ಅಂಗಡಿಗಳ ಗಾಜಿನ ಹಿಂದೆ ಮಾರಾಟಕ್ಕಿಟ್ಟಿದ್ದ ಸೆಟ್ಟುಗಳ ಮುಂದೆ ಜನ ಗುಂಪುಗೂಡಿದರು. ಭಾನುವಾರ ರಾತ್ರಿ ರಕ್ಷಣಾ ತಂಡ ಮಗುವನ್ನು ತಲುಪುವ ಹೊತ್ತಿಗೆ ಜೀವ ಹೋಗಿತ್ತು. ಬಿದ್ದ ಸ್ವಲ್ಪ ಹೊತ್ತಿನಲ್ಲೇ ಉಸಿರು ನಿಂತಿರಬೇಕೆಂದು ವೈದ್ಯರು ಅಭಿಪ್ರಾಯಪಟ್ಟರು. ಅಂದರೆ ಇಡೀ ನಗರ ಎರಡು ದಿನ ಉಸಿರು ಬಿಗಿಹಿಡಿದು ಕಾದದ್ದು ಆಗಲೇ ಮುಗಿದುಹೋಗಿದ್ದ ಸಂಗತಿಗಾಗಿ.

ಈ ಪ್ರಸಾರದಿಂದ ಎರಡು ಪರಿಣಾಮಗಳಾದವು. ಕುಸ್ತಿ ಮತ್ತು ಹಾಡು ತೋರಿಸುವ ಪೆಟ್ಟಿಗೆ ಎಂದು ಜನ ಭಾವಿಸಿದ್ದ ಟೆಲಿವಿಷನ್ ಪತ್ರಿಕೆಗಿಂತಲೂ ರೇಡಿಯೊಗಿಂತಲೂ ಬೇರೆಯದೇ ಆದ ಸುದ್ದಿ ಮಾಧ್ಯಮ ಎಂಬುದು ಮೊದಲ ಬಾರಿಗೆ ಮನವರಿಕೆಯಾಯಿತು. ಎರಡನೆಯದು ಅಷ್ಟು ಹಿತವಾದುದಲ್ಲ: ಒಂದು ಕುಟುಂಬದ ಸಂಕಟವನ್ನು ಅಂತ್ಯ ಗೊತ್ತಿಲ್ಲದೆ ಗಂಟೆಗಟ್ಟಲೆ ತೋರಿಸುತ್ತಾ ಹೋಗುವ ಪದ್ಧತಿಗೂ ಇದೇ ಮೊದಲ ಮೇಲ್ಪಂಕ್ತಿಯಾಯಿತು. 2006ರ ಜುಲೈನಲ್ಲಿ ಹರಿಯಾಣದ ಹಲ್ದಾಹೇಡಿಯಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕನನ್ನು ಹಿಂದಿ ವಾಹಿನಿಗಳು ಎರಡು ದಿನ ತೋರಿಸಿದ್ದೂ, 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕಂದನನ್ನು ಸುಮಾರು 20 ಗಂಟೆಗಳ ನಂತರ ಜೀವಂತವಾಗಿ ಹೊರತೆಗೆಯುವವರೆಗೆ ಕನ್ನಡ ವಾಹಿನಿಗಳು ಅಲ್ಲಿಂದ ಕದಲದೆ ನಿಂತದ್ದೂ ಅದೇ ರೂಪದ ಪ್ರಸಾರಗಳು. ಸಮಾನಾಂತರ ಗುಂಡಿ ತೋಡುವ ವಿಧಾನವೂ ಹೆಚ್ಚು ಬದಲಾಗಿಲ್ಲ. ಹಲ್ದಾಹೇಡಿಯಲ್ಲೂ ಲಚ್ಯಾಣದಲ್ಲೂ ಮಗು ಬದುಕಿತು ಎಂಬುದೊಂದೇ ದೊಡ್ಡ ವ್ಯತ್ಯಾಸ.

ಅಣುಬಾಂಬ್ ಪರೀಕ್ಷೆಯನ್ನು ನೇರ ಪ್ರಸಾರ ಮಾಡಿದ್ದು ನಿಜವೇ?

ನಿಜ. 1952ರ ಏಪ್ರಿಲ್ 22ರಂದು ನೆವಾಡದ ಯುಕ್ಕಾ ಫ್ಲ್ಯಾಟ್ ಎಂಬ ಮರುಭೂಮಿಯಲ್ಲಿ ನಡೆದ, 31 ಕಿಲೋಟನ್ ಸಾಮರ್ಥ್ಯದ ಪರೀಕ್ಷೆಯನ್ನು ಕೆಟಿಎಲ್‌ಎ ಹೊಂದಿಸಿದ ಸಂಪರ್ಕದ ಮೂಲಕ ಅಮೆರಿಕದಾದ್ಯಂತ ನೇರವಾಗಿ ತೋರಿಸಲಾಯಿತು. ಪರೀಕ್ಷೆ ನೋಡಲು ಪತ್ರಕರ್ತರಿಗೆ ಅಣುಶಕ್ತಿ ಆಯೋಗ ಅನುಮತಿ ಕೊಟ್ಟಿತ್ತು. ಆದರೆ ಆ ಮರುಭೂಮಿಯಿಂದ ಚಿತ್ರವನ್ನು ಹೊರಗೆ ಸಾಗಿಸುವ ದೂರವಾಣಿ ಕಂಪನಿಯ ಮಾರ್ಗ ಇರಲಿಲ್ಲ. ಲ್ಯಾಂಡ್ಸ್‌ಬರ್ಗ್ ಬೆಟ್ಟದಿಂದ ಬೆಟ್ಟಕ್ಕೆ ಮೈಕ್ರೋವೇವ್ ಸಂಕೇತ ಹಾಯಿಸುವ ಮರುಪ್ರಸಾರ ಕೊಂಡಿಗಳನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ರಸ್ತೆಯಿಲ್ಲದ ಶಿಖರಗಳಿಗೆ ಉಪಕರಣಗಳನ್ನು ಹೆಲಿಕಾಪ್ಟರಿನಲ್ಲಿ ಏರಿಸಬೇಕಾಯಿತು. ಮೈಕ್ರೋವೇವ್ ಸಂಕೇತಕ್ಕೆ ಎರಡು ತುದಿಗಳೂ ಒಂದಕ್ಕೊಂದು ನೇರವಾಗಿ ಕಾಣಬೇಕು, ನಡುವೆ ಗುಡ್ಡ ಅಡ್ಡ ಬಂದರೆ ಚಿತ್ರ ಹೋಯಿತು ಎಂಬುದನ್ನು ನೆನಪಿಟ್ಟರೆ ಈ ಸಾಹಸದ ಅಳತೆ ತಿಳಿಯುತ್ತದೆ.

ಪತ್ರಿಕೋದ್ಯಮದ ಕಣ್ಣಿನಿಂದ ನೋಡಿದರೆ ಇದು ಅಷ್ಟೇನೂ ಹೆಮ್ಮೆಯ ಪುಟವಲ್ಲ. ಬಾಂಬು ಹೇಗೆ ಕಾಣುತ್ತದೆ ಎಂಬುದು ದೇಶಕ್ಕೆಲ್ಲ ತಲುಪಿತು. ಆ ಧೂಳು ಗಾಳಿಯೊಂದಿಗೆ ಎಲ್ಲಿಗೆ ಹೋಗುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಜೋರಾಗಿ ಕೇಳಿಬರಲು ಇನ್ನೂ ವರ್ಷಗಳೇ ಬೇಕಾದವು. ಲ್ಯಾಂಡ್ಸ್‌ಬರ್ಗ್ 1956ರಲ್ಲಿ, ನಲವತ್ತನೇ ವಯಸ್ಸಿಗೇ, ಕ್ಯಾನ್ಸರಿನಿಂದ ತೀರಿಕೊಂಡರು.

ಟೆಲಿಕಾಪ್ಟರ್ ಎಂದರೇನು?

ನೇರ ಪ್ರಸಾರದ ಸಲಕರಣೆ ಹೊತ್ತ ಹೆಲಿಕಾಪ್ಟರಿಗೆ ಕೇಂದ್ರ ಇಟ್ಟ ಹೆಸರು ಅದು. ಎದುರಾಳಿ ಕೇಂದ್ರಗಳಿಗಿಂತ ಮೊದಲು ಘಟನಾ ಸ್ಥಳ ತಲುಪಬೇಕಾದರೆ ಲಾಸ್ ಏಂಜಲೀಸಿನ ವಾಹನ ದಟ್ಟಣೆಯನ್ನು ದಾಟುವ ದಾರಿ ಆಕಾಶವೊಂದೇ ಎಂದು ಮುಖ್ಯ ಎಂಜಿನಿಯರು ಜಾನ್ ಸಿಲ್ವಾ ಲೆಕ್ಕ ಹಾಕಿದರು. ಅಂದಿನ ಹೊರಾಂಗಣ ಪ್ರಸಾರದ ಉಪಕರಣಗಳು ಒಂದು ದೊಡ್ಡ ವಾಹನವನ್ನೇ ತುಂಬುತ್ತಿದ್ದವು. ಬೆಲ್ 47 ಮಾದರಿಯ ಪುಟ್ಟ ಹೆಲಿಕಾಪ್ಟರು ಹೊರುವಷ್ಟಕ್ಕೆ ಅವನ್ನೆಲ್ಲ ಇಳಿಸುವುದೇ ನಿಜವಾದ ಸವಾಲಾಗಿತ್ತು. ಸಿಲ್ವಾ ಒಂದೊಂದೇ ಬಿಡಿಭಾಗವನ್ನು ಹಗುರಗೊಳಿಸುತ್ತಾ, ಬೇರೆಯವರಿಗೆ ಸುಳಿವು ಸಿಗದಂತೆ ಇಡೀ ಕೆಲಸವನ್ನು ಗುಟ್ಟಾಗಿ ಮುಗಿಸಿದರು. 1958ರ ಜುಲೈನಲ್ಲಿ ನಡೆದ ಮೊದಲ ಹಾರಾಟದಲ್ಲಿ ಕೆಳಗೆ ಚಿತ್ರವೇ ಬರಲಿಲ್ಲ. ಕಂಪನ ಮತ್ತು ಕಾವಿಗೆ ಉಪಕರಣದೊಳಗಿನ ಒಂದು ನಿರ್ವಾತ ನಳಿಕೆ (ವ್ಯಾಕ್ಯೂಮ್ ಟ್ಯೂಬ್) ಕೈಕೊಟ್ಟಿತ್ತು. ಅದನ್ನು ಸರಿಪಡಿಸಿ ಮರುದಿನ ಮತ್ತೆ ಹಾರಿದಾಗ ಚಿತ್ರ ಬಂತು.

ಅದರ ಬೆಲೆ ತಿಳಿದದ್ದು 1963ರ ಡಿಸೆಂಬರ್ 14ರಂದು. ನಗರದ ಬಾಲ್ಡ್‌ವಿನ್ ಹಿಲ್ಸ್ ಪ್ರದೇಶದ ಜಲಾಶಯದ ಕಟ್ಟೆಯಲ್ಲಿ ಬಿರುಕು ಕಾಣಿಸಿ, ಮಧ್ಯಾಹ್ನದ ನಂತರ ಅದು ಒಡೆದು ನೀರು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಕಟ್ಟೆ ಕುಸಿಯುವ ದೃಶ್ಯ ಮೇಲಿನಿಂದ ನೇರವಾಗಿ ಮನೆಮನೆಗಳಲ್ಲಿ ಕಂಡಿತು. 277 ಮನೆಗಳು ನಾಶವಾದವು. ಸತ್ತವರು ಐದು ಜನ. ಒಡೆಯುವ ಮುನ್ನವೇ ಪೊಲೀಸರು ಮನೆ ಮನೆಗೆ ಹೋಗಿ ಜನರನ್ನು ಎಬ್ಬಿಸಿ ಕಳಿಸದೆ ಇದ್ದಿದ್ದರೆ ಸಾವಿನ ಸಂಖ್ಯೆ ಎಲ್ಲಿ ಮುಟ್ಟುತ್ತಿತ್ತೋ ಹೇಳಲಾಗದು. ಇಂದು ಅಮೆರಿಕದ ನಗರಗಳಲ್ಲಿ ಪೊಲೀಸರು ಕಾರು ಬೆನ್ನಟ್ಟುವುದನ್ನು ಹೆಲಿಕಾಪ್ಟರಿನಿಂದ ತೋರಿಸುವ ಚಾಳಿಯ ಮೂಲವೂ ಇದೇ ಯಂತ್ರ ಎಂಬುದನ್ನು ಮರೆಯುವಂತಿಲ್ಲ.

1965ರ ವಾಟ್ಸ್ ಗಲಭೆಯ ವರದಿಗಾರಿಕೆಯನ್ನು ಕೆಲವರು ಹೊಗಳುತ್ತಾರೆ, ಕೆಲವರು ಟೀಕಿಸುತ್ತಾರೆ. ಏಕೆ?

ಎರಡಕ್ಕೂ ಕಾರಣವಿದೆ. 1965ರ ಆಗಸ್ಟ್ 11ರಂದು ವಾಹನ ತಪಾಸಣೆಯೊಂದರ ವೇಳೆ ಕಪ್ಪು ಯುವಕನೊಬ್ಬನ ಬಂಧನದಿಂದ ಶುರುವಾದ ಘರ್ಷಣೆ ನಗರದ ವಾಟ್ಸ್ ಪ್ರದೇಶದಲ್ಲಿ ಆರು ದಿನ ಉರಿಯಿತು. 34 ಜನ ಸತ್ತರು. ನೆಲದ ಮೇಲೆ ವರದಿಗಾರರಿಗೆ ಹಲ್ಲೆಯ ಭಯವಿತ್ತು, ಬೀದಿಗಳು ಮುಚ್ಚಿದ್ದವು. ಟೆಲಿಕಾಪ್ಟರ್ ಇದ್ದುದರಿಂದ ಬೆಂಕಿ ಎಲ್ಲಿ ಹತ್ತಿದೆ, ಯಾವ ಬೀದಿಗೆ ಹರಡುತ್ತಿದೆ ಎಂಬುದನ್ನು ಕೆಟಿಎಲ್‌ಎ ಮಾತ್ರ ಸತತವಾಗಿ ತೋರಿಸಬಲ್ಲದಾಯಿತು. ಈ ಪ್ರಸಾರಕ್ಕೆ ಅಮೆರಿಕದ ಪ್ರಸಾರ ರಂಗದ ಪ್ರತಿಷ್ಠಿತ ಪೀಬಾಡಿ ಪ್ರಶಸ್ತಿಯೂ ಬಂತು.

ಟೀಕೆಯ ತಿರುಳು ಬೇರೆ. ಮೇಲಿನಿಂದ ಹೊಗೆ ಕಾಣುತ್ತದೆ, ಓಡುವ ಜನ ಚುಕ್ಕೆಗಳಾಗಿ ಕಾಣುತ್ತಾರೆ. ಅವರು ಏಕೆ ಓಡುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ಪೊಲೀಸರ ಮೇಲೆ ಆ ಬಡಾವಣೆಗೆ ಇದ್ದ ಸಿಟ್ಟು, ನಿರುದ್ಯೋಗ, ಮನೆ ಬಾಡಿಗೆಗೆ ಕೊಡುವುದರಲ್ಲಿನ ಜನಾಂಗಭೇದ ಇವೆಲ್ಲ ತಿಳಿಯಬೇಕಾದರೆ ಅಲ್ಲಿನವರನ್ನು ಬಲ್ಲ ವರದಿಗಾರರು ಸುದ್ದಿಮನೆಯಲ್ಲಿ ಇರಬೇಕಿತ್ತು. ಆ ಕಾಲದ ಲಾಸ್ ಏಂಜಲೀಸಿನಲ್ಲಿ ಪತ್ರಿಕೆಗಳ ಸ್ಥಿತಿಯೂ ಬೇರೆಯಾಗಿರಲಿಲ್ಲ: ನಗರದ ಅತಿ ದೊಡ್ಡ ದಿನಪತ್ರಿಕೆ ಕಪ್ಪು ವರದಿಗಾರರಿಲ್ಲದೆ, ತನ್ನ ಜಾಹೀರಾತು ವಿಭಾಗದ ಕಪ್ಪು ಯುವಕನೊಬ್ಬನನ್ನು ವರದಿಗೆ ಕಳಿಸಿತ್ತು. ಎಂಜಿನಿಯರು ಕಟ್ಟಿದ ಸುದ್ದಿಮನೆಯ ಮಿತಿ ವಾಟ್ಸ್‌ನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಲ್ಲ ಎಂಬುದು ಈ ಲೇಖಕರ ಅಭಿಪ್ರಾಯ. ಲ್ಯಾರಿ ಮೆಕಾರ್ಮಿಕ್ ಅವರಂಥ ಕಪ್ಪು ನಿರೂಪಕರು ಕೆಟಿಎಲ್‌ಎ ತೆರೆಗೆ ಬಂದದ್ದು 1971ರಲ್ಲಿ, ಅದೂ ಮೊದಲಿಗೆ ಹವಾಮಾನ ವರದಿ ಓದಲು.

ಮುಖ್ಯ ಬುಲೆಟಿನ್ ರಾತ್ರಿ ಹತ್ತು ಗಂಟೆಗೆ ಏಕೆ?

ಜಾಲಗಳಿಗೆ ಸೇರಿದ ಕೇಂದ್ರಗಳು ರಾತ್ರಿ ಹನ್ನೊಂದರವರೆಗೆ ಜಾಲದ ಮನರಂಜನಾ ಕಾರ್ಯಕ್ರಮಗಳನ್ನೇ ತೋರಿಸಬೇಕಿತ್ತು. ಸ್ವತಂತ್ರ ಕೇಂದ್ರಕ್ಕೆ ಆ ಕಟ್ಟುಪಾಡು ಇರಲಿಲ್ಲ. ಬೇಗ ಮಲಗುವವರಿಗೆ ಒಂದು ಗಂಟೆ ಮೊದಲೇ ಸುದ್ದಿ ಕೊಡಬಹುದಾಗಿತ್ತು.

ಈ ವಿಭಾಗದಲ್ಲಿ ಅತಿ ಹೆಚ್ಚು ಕಾಲ ದುಡಿದವರು ಯಾರು?

ಸ್ಟ್ಯಾನ್ ಚೇಂಬರ್ಸ್. 1947ರ ಡಿಸೆಂಬರಿನಲ್ಲಿ ಸೇರಿ, 2010ರ ಆಗಸ್ಟ್ 11ರಂದು ತಮ್ಮ 87ನೇ ಹುಟ್ಟುಹಬ್ಬದ ದಿನ ನಿವೃತ್ತರಾದರು; ಒಂದೇ ಕೇಂದ್ರದಲ್ಲಿ 63 ವರ್ಷಗಳಷ್ಟು ಸೇವೆ. ಅವರು 22,000ಕ್ಕೂ ಹೆಚ್ಚು ವರದಿಗಳನ್ನು ಮಾಡಿದರೆಂದು ಹೇಳಲಾಗುತ್ತದೆ. ಆಂಕರ್ ಕುರ್ಚಿಗೆ ಆಸೆಪಡದೆ ಕೊನೆಯವರೆಗೂ ಬೀದಿಯ ವರದಿಗಾರರಾಗಿಯೇ ಉಳಿದದ್ದು ಅವರ ವಿಶೇಷ. ಮಾತಿನಲ್ಲಿ ಅಬ್ಬರವಿರಲಿಲ್ಲ, ಕಂಡದ್ದನ್ನು ಮಾತ್ರ ಹೇಳುತ್ತಿದ್ದರು. ಬಾವಿಯ ಬಳಿ ನಿಂತು ಕಲಿತ ಪಾಠ ಅದಾಗಿರಬಹುದು. 2015ರ ಫೆಬ್ರವರಿಯಲ್ಲಿ ಅವರು ನಿಧನರಾದರು. ಮೊಮ್ಮಗ ಜೇಮೀ ಚೇಂಬರ್ಸ್ ಅದೇ ಕೇಂದ್ರದಲ್ಲಿ ವರದಿಗಾರರಾದರು.

ಸ್ಟುಡಿಯೋದ ಮುಖವಾಗಿದ್ದವರು ಹಾಲ್ ಫಿಶ್‌ಮನ್. ರಾಜ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1960ರಲ್ಲಿ ಬೇರೊಂದು ಕೇಂದ್ರದಲ್ಲಿ ರಾಜಕೀಯ ಪಾಠ ಹೇಳಲು ಟೆಲಿವಿಷನ್‌ಗೆ ಬಂದವರು ಹಿಂದಿರುಗಲಿಲ್ಲ. 1965ರಲ್ಲಿ ಕೆಟಿಎಲ್‌ಎ ಸೇರಿ, ನಡುವೆ ಬೇರೆಡೆ ಹೋಗಿ, 1975ರಿಂದ 2007ರ ಆಗಸ್ಟ್‌ನಲ್ಲಿ ಸಾಯುವ ಕೆಲವೇ ದಿನಗಳ ಮುಂಚಿನವರೆಗೂ ಹತ್ತು ಗಂಟೆಯ ಸುದ್ದಿ ನಡೆಸಿಕೊಟ್ಟರು. ಸ್ವತಃ ವಿಮಾನ ಚಾಲಕರಾಗಿದ್ದುದರಿಂದ ವಿಮಾನ ಅಪಘಾತದ ಸುದ್ದಿ ಬಂದಾಗ ತಜ್ಞರನ್ನು ಹುಡುಕುವ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ರಾಡ್ನಿ ಕಿಂಗ್ ವಿಡಿಯೋ ಮೊದಲು ಪ್ರಸಾರವಾದದ್ದು ಇಲ್ಲೇ ಅಲ್ಲವೇ?

ಹೌದು. 1991ರ ಮಾರ್ಚ್ 3ರ ನಡುರಾತ್ರಿಯ ನಂತರ, ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ರಸ್ತೆಯಲ್ಲಿ ಕೆಡವಿ ಲಾಠಿಯಿಂದ ಹೊಡೆಯುವುದನ್ನು ಜಾರ್ಜ್ ಹಾಲಿಡೇ ಎಂಬ ಕೊಳಾಯಿ ಕೆಲಸಗಾರರು ತಮ್ಮ ಮನೆಯ ಬಾಲ್ಕನಿಯಿಂದ ಸೋನಿ ಹ್ಯಾಂಡಿಕ್ಯಾಮ್‌ನಲ್ಲಿ ಚಿತ್ರಿಸಿದರು. ಪೊಲೀಸ್ ಠಾಣೆಗೆ ಫೋನ್ ಮಾಡಿ ವಿಚಾರಿಸಿದರೂ ಅಲ್ಲಿ ಯಾರೂ ಆಸಕ್ತಿ ತೋರಲಿಲ್ಲ. ಸೋಮವಾರ ಅವರು ಟೇಪನ್ನು ಕೆಟಿಎಲ್‌ಎಗೆ ಒಯ್ದುಕೊಟ್ಟರು. ಕೇಂದ್ರ ಅದಕ್ಕೆ 500 ಡಾಲರ್ ಕೊಟ್ಟಿತು. ವರದಿ ಮಾಡಿದವರು ಅದೇ ಸ್ಟ್ಯಾನ್ ಚೇಂಬರ್ಸ್. ಅಂದು ರಾತ್ರಿ ಹತ್ತು ಗಂಟೆಗೆ ಪ್ರಸಾರವಾದ ದೃಶ್ಯ ಸಿಎನ್‌ಎನ್ ಮೂಲಕ ಜಗತ್ತಿಗೆಲ್ಲ ಹರಡಿತು.

ಇಲ್ಲಿ ಒಂದು ವಿವಾದವೂ ಇದೆ. ಪ್ರಸಾರಕ್ಕೆ ಸಿದ್ಧಪಡಿಸುವಾಗ ಟೇಪಿನ ಆರಂಭದ ಕೆಲವು ಮಸುಕು ಸೆಕೆಂಡುಗಳನ್ನು ಕತ್ತರಿಸಲಾಗಿತ್ತು. ಕಿಂಗ್ ಮೇಲೆದ್ದು ಒಬ್ಬ ಪೊಲೀಸನ ದಿಕ್ಕಿಗೆ ನುಗ್ಗಿದಂತೆ ಕಾಣುವ ಭಾಗ ಅದರಲ್ಲಿತ್ತು. ಮಸುಕು ಚಿತ್ರವನ್ನು ತೆಗೆಯುವುದು ಪ್ರತಿ ಸುದ್ದಿಮನೆಯ ಸಂಕಲನಕಾರರೂ ದಿನಾ ಮಾಡುವ ಕೆಲಸ. ಆದರೆ ಜನ ನೋಡಿದ್ದು ಕತ್ತರಿಸಿದ ಟೇಪನ್ನು, ಆ ಪೊಲೀಸರ ವಿಚಾರಣೆ ನಡೆದಾಗ ತೀರ್ಪು ಕೊಡುವ ಜ್ಯೂರಿ ನೋಡಿದ್ದು ಪೂರ್ತಿ ಟೇಪನ್ನು. ಪೊಲೀಸರ ವಕೀಲರು ಆ ಸೆಕೆಂಡುಗಳನ್ನೇ ಹಿಡಿದು ವಾದ ಕಟ್ಟಿದರು. ಕತ್ತರಿಸಿದ ಭಾಗ ಉಳಿದ ಏಟುಗಳನ್ನು ಸಮರ್ಥಿಸುವುದಿಲ್ಲ ಎಂಬುದು ಬೇರೆ ಮಾತು, ಆದರೂ ಅದನ್ನು ಉಳಿಸಿಕೊಂಡೇ ತೋರಿಸಬೇಕಿತ್ತು. 1992ರ ಏಪ್ರಿಲ್ 29ರಂದು ಪೊಲೀಸರನ್ನು ದೋಷಮುಕ್ತಗೊಳಿಸಿದ ತೀರ್ಪಿನ ಬೆನ್ನಿಗೆ ನಡೆದ ಗಲಭೆಗಳಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಮೈಕ್ರೋವೇವ್ ಕೊಂಡಿಗೂ ಹೆಲಿಕಾಪ್ಟರಿಗೂ ದಶಕಗಳ ಕಾಲ ಹಣ ಸುರಿದ ಕೇಂದ್ರಕ್ಕೆ ಅದರ ಅತಿ ಪ್ರಸಿದ್ಧ ದೃಶ್ಯ ಸಾಮಾನ್ಯ ನಾಗರಿಕರೊಬ್ಬರ ಕೈಕ್ಯಾಮೆರಾದಿಂದ ಬಂತು. ಕ್ಯಾಮೆರಾ ತಲುಪಿಸುವ ಪೈಪೋಟಿಯಲ್ಲಿ ಸುದ್ದಿಮನೆಗಳಿಗೆ ಇದ್ದ ಏಕಸ್ವಾಮ್ಯ ಅಲ್ಲಿಂದ ಸಡಿಲಗೊಂಡಿತು.

ಬೆಳಗಿನ ಸುದ್ದಿ ಕಾರ್ಯಕ್ರಮ ಯಾವಾಗ ಬಂತು?

1991ರ ಜುಲೈ 8ರಂದು. ನ್ಯೂಯಾರ್ಕಿನಿಂದ ಬರುವ ಜಾಲಗಳ ಬೆಳಗಿನ ಕಾರ್ಯಕ್ರಮಗಳಲ್ಲಿ ಲಾಸ್ ಏಂಜಲೀಸಿನ ರಸ್ತೆ, ಹವೆ, ಭೂಕಂಪ ಯಾವುದಕ್ಕೂ ಜಾಗವಿರಲಿಲ್ಲ. ಆ ಕೊರತೆಯನ್ನು ಹಿಡಿದು ಇದು ಬೆಳೆಯಿತು. ಮೊದಮೊದಲು ವೀಕ್ಷಕರು ಕಡಿಮೆ. ನಿರೂಪಕರು ಸಲಿಗೆಯಿಂದ ಹರಟುವ ಶೈಲಿ ಬಂದ ಮೇಲೆ ಜನ ಒಗ್ಗಿಕೊಂಡರು, ಬೇರೆ ಕೇಂದ್ರಗಳೂ ಅನುಕರಿಸಿದವು. 2014ರ ಮಾರ್ಚ್ 17ರ ಬೆಳಗ್ಗೆ 4.4 ತೀವ್ರತೆಯ ಭೂಕಂಪವಾದಾಗ ನಿರೂಪಕ ಕ್ರಿಸ್ ಶಾಬ್ಲೆ ನೇರ ಪ್ರಸಾರದಲ್ಲೇ ಮೇಜಿನ ಕೆಳಗೆ ನುಸುಳಿದ ದೃಶ್ಯ ಜಗತ್ತಿನಾದ್ಯಂತ ನಗುವಿಗೆ ಕಾರಣವಾಯಿತು. ಭೂಕಂಪದಲ್ಲಿ ಮಾಡಬೇಕಾದ್ದನ್ನೇ ಅವರು ಮಾಡಿದ್ದರು ಎಂಬುದನ್ನು ನಕ್ಕವರು ಗಮನಿಸಲಿಲ್ಲ.

ಒಡೆತನ ಬದಲಾದಂತೆ ಸುದ್ದಿ ವಿಭಾಗವೂ ಬದಲಾಯಿತೇ?

ಪ್ಯಾರಾಮೌಂಟ್ 1964ರಲ್ಲಿ ಕೇಂದ್ರವನ್ನು ಹಾಡುವ ಕೌಬಾಯ್ ಎಂದೇ ಪ್ರಸಿದ್ಧರಾದ ನಟ ಜೀನ್ ಆಟ್ರಿ ಅವರ ಕಂಪನಿಗೆ ಸುಮಾರು 120 ಲಕ್ಷ ಡಾಲರಿಗೆ ಮಾರಿತು. 1980ರ ದಶಕದ ಆರಂಭದಲ್ಲಿ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆ 24.5 ಕೋಟಿ ಡಾಲರ್ ಕೊಟ್ಟು ಕೊಂಡಿತು. 1985ರಲ್ಲಿ ಟ್ರಿಬ್ಯೂನ್ ಕಂಪನಿ 51 ಕೋಟಿ ಡಾಲರ್ ತೆತ್ತಿತು. ಒಂದೇ ಕೇಂದ್ರಕ್ಕೆ ಅಷ್ಟು ಬೆಲೆ ಬಂದದ್ದು ಅಂದಿಗೆ ದಾಖಲೆ. 2019ರಿಂದ ಅದು ನೆಕ್ಸ್‌ಸ್ಟಾರ್ ಸಮೂಹದಲ್ಲಿದೆ. ಮನರಂಜನೆಗಾಗಿ 1995ರಲ್ಲಿ ಡಬ್ಲ್ಯೂಬಿ, 2006ರಲ್ಲಿ ಸಿಡಬ್ಲ್ಯೂ ಜಾಲಗಳ ಜೊತೆ ಸೇರಿದರೂ, ಆ ಜಾಲಗಳಿಗೆ ಸ್ವಂತ ಸುದ್ದಿ ವಿಭಾಗ ಇರಲಿಲ್ಲವಾದ್ದರಿಂದ ಕೇಂದ್ರದ ಸುದ್ದಿಯ ಹೊತ್ತು ಕುಗ್ಗಲಿಲ್ಲ, ಹೆಚ್ಚುತ್ತಲೇ ಹೋಯಿತು. ದಿನವಿಡೀ ಮನರಂಜನೆ ತೋರಿಸಿ ರಾತ್ರಿ ಸುದ್ದಿ ಓದುತ್ತಿದ್ದ ಕೇಂದ್ರ ಈಗ ಬೆಳಗಿನ ಹೊತ್ತು ಬಹುಪಾಲು ಸುದ್ದಿಯನ್ನೇ ಕೊಡುತ್ತದೆ.

ಹಳೆಯ ಪ್ರಸಾರಗಳನ್ನು ಇಂದು ನೋಡಬಹುದೇ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಚಲನಚಿತ್ರ ಮತ್ತು ದೂರದರ್ಶನ ಭಂಡಾರದಲ್ಲಿ ಕೆಟಿಎಲ್‌ಎ ಸುದ್ದಿಚಿತ್ರಗಳ ದೊಡ್ಡ ಸಂಗ್ರಹವಿದ್ದು, ಸಂಶೋಧಕರು ಅದನ್ನು ಬಳಸುತ್ತಾರೆ. 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರಿಸಿ ಸಂಸ್ಕರಿಸಿದ ವರದಿಗಳು ಉಳಿದುಕೊಂಡಿರುವುದಕ್ಕೆ ಅವು ಕೈಯಲ್ಲಿ ಹಿಡಿಯಬಹುದಾದ ಸುರುಳಿಗಳಾಗಿದ್ದುದೇ ಕಾರಣ. ನೇರ ಪ್ರಸಾರದ ಕಥೆ ಬೇರೆ. ಮಾರುಕಟ್ಟೆಗೆ ವಿಡಿಯೋಟೇಪ್ ಬಂದದ್ದು 1956ರಲ್ಲಿ. ಅದಕ್ಕೂ ಮೊದಲು ತೆರೆಯ ಮೇಲಿನ ಚಿತ್ರವನ್ನೇ ಫಿಲ್ಮ್ ಕ್ಯಾಮೆರಾದಿಂದ ತೆಗೆದಿಟ್ಟುಕೊಳ್ಳದಿದ್ದರೆ ಪ್ರಸಾರ ಮುಗಿದೊಡನೆ ಎಲ್ಲವೂ ಮುಗಿಯಿತು. ಸ್ಯಾನ್ ಮರೀನೋದ ಬಾವಿಯ ಬಳಿಯ ಆ ದೀರ್ಘ ಪ್ರಸಾರದ ಬಗ್ಗೆ ತಿಳಿಯಬಯಸುವವರು ಅಂದಿನ ಪತ್ರಿಕೆಗಳ ಛಾಯಾಚಿತ್ರಗಳನ್ನೂ ವೆಲ್ಷ್ ಮತ್ತು ಚೇಂಬರ್ಸ್ ನಂತರ ಹೇಳಿಕೊಂಡ ನೆನಪುಗಳನ್ನೂ ಮುಖ್ಯವಾಗಿ ಅವಲಂಬಿಸಬೇಕಾಗುತ್ತದೆ.